ಕೊಸರು ಬಳೆ

ರಾಯಚೂರು
ಬೇಸಿಗೆ, ೧೯೮೬

ಮೂರು ಸಂತೆಗಳ ಮುಂಗೈಗಳನ್ನೆಲ್ಲ ಮುಟ್ಟಿ ಬಲ್ಲ ಕುಬ್ರಾ ಆಪಾ ಅವರ ಸನ್ನಿಧಾನಕ್ಕೆ, ‘ಕಂದೀಲು’ ವಾರಪತ್ರಿಕೆಯ ಮೂಲೆ ಕುರ್ಚಿಯಿಂದ ಹನುಮಂತ್ರಾಯ ಮಾಡುವ ಸಲಾಮು.

ಮೊದಲು, ಕಾಗದ ಓದಿ ಹೇಳುತ್ತಿರುವ ವಾಹಿದಾಳಿಗೆ ಒಂದು ಸೂಚನೆ. ತಂಗೀ, ನಿಮ್ಮ ಅಮ್ಮಿಗೆ ಅಕ್ಷರ ಬಾರದಿದ್ದರೂ ಓದುವವರು ಸಾಲು ಹಾರಿಸಿದರೆ ಥಟ್ಟನೆ ತಿಳಿಯುತ್ತದೆ. ಆದರೆ ತಮ್ಮನ್ನು ಹೊಗಳಿದ ಜಾಗ ಬಂದರೆ ಮಾತ್ರ "ಅದು ಬಿಡು, ಮುಂದಕ್ಕ ನಡಿ" ಅನ್ನುತ್ತಾರೆ. ಬಿಡಬೇಡ. ಈ ಕಾಗದದಿಂದ ಹೊಗಳಿಕೆ ತೆಗೆದರೆ ಉಳಿಯುವುದು ಅಂಚೆಚೀಟಿ ಮಾತ್ರ.

ಆಪಾ, ಐದನೆಯವಳ ಹೆಸರು ಸಿಕ್ಕಿದೆ.

ಇಷ್ಟೊತ್ತಿಗೆ ನೀವು ವಾಹಿದಾಳ ಕೈಯಿಂದ ಕಾಗದ ಕಸಿದು, ತಲೆಕೆಳಗಾಗಿ ಹಿಡಿದು, "ಏನಂತ? ಏನಂತ ಹೆಸರು?" ಎಂದು ಅಕ್ಷರಗಳನ್ನೇ ಗದರಿಸಿರುತ್ತೀರಿ. ಅವಸರ ಬೇಡ, ಹೇಳುತ್ತೇನೆ. ಇಪ್ಪತ್ತು ವರ್ಷ ವಾರಪತ್ರಿಕೆಯ ಅನ್ನ ತಿಂದವನಿಗೆ ಮುಖ್ಯ ಸುದ್ದಿಯನ್ನು ಮೊದಲೇ ಕೊಟ್ಟುಬಿಡುವ ಅಭ್ಯಾಸವಿಲ್ಲ. ಅಲ್ಲದೆ ಏಳು ವರ್ಷದ ಹಿಂದಿನ ಒಂದು ತಪ್ಪೊಪ್ಪಿಗೆ ನನ್ನ ಹತ್ತಿರವೇ ಉಳಿದುಬಿಟ್ಟಿದೆ. ನೀವು ಮಗಳ ಮನೆಗೆಂದು ಗದ್ವಾಲದ ಬಸ್ಸು ಹತ್ತಿದ ದಿನ ಕಿಟಕಿಯ ಹತ್ತಿರ ನಿಂತು ಹೇಳಬೇಕೆಂದುಕೊಂಡಿದ್ದೆ. ಮೊಣಕಾಲಿಗೆ ಹಚ್ಚುವ ಎಣ್ಣೆಯ ಬಗ್ಗೆ ಮಾತಾಡಿ ವಾಪಸು ಬಂದೆ. ಇದೆಲ್ಲ ನಡೆದಾಗ ವಾಹಿದಾ ಶಾಲೆಯ ಹುಡುಗಿ. ನೀವಂತೂ ಮನೆಯಲ್ಲಿ ಇದನ್ನು ಬಾಯಿ ಬಿಟ್ಟವರಲ್ಲ. ಅವಳೂ ಕೇಳಲಿ.

ತಂಗೀ, ಎಪ್ಪತ್ತೇಳರಿಂದ ಎಪ್ಪತ್ತೊಂಬತ್ತರ ತನಕ ರಾಯಚೂರು, ಮಾನ್ವಿ, ದೇವದುರ್ಗದ ದಾರಿಗಳ ಬದಿಯ ಹತ್ತಿ ಹೊಲಗಳಲ್ಲಿ ಐದು ಹೆಂಗಸರ ಹೆಣ ಸಿಕ್ಕವು. ಐವರನ್ನೂ ಅವರವರ ಸೆರಗಿನಿಂದಲೇ ಕತ್ತು ಬಿಗಿದು ಕೊಂದಿದ್ದರು. ಕಣ್ಣಿಗೆ ಬೀಳುವಷ್ಟರಲ್ಲಿ ದಿನಗಳು ಕಳೆದು, ಮುಖ ನೋಡಿ ಇಂಥವಳೆಂದು ಹೇಳುವ ಹೊತ್ತು ಮೀರಿತ್ತು. ಕಡತಗಳು ಬೇರೆ ಬೇರೆ, ಆದರೆ ಎಲ್ಲದರ ಮೇಲೂ ಒಂದೇ ಹೆಸರು: ‘ಗುರುತು ಸಿಗದ ಹೆಂಗಸು’. ಇವಳು ನಮ್ಮವಳು ಎಂದು ಒಬ್ಬರೂ ಬರಲಿಲ್ಲ.

ನಮ್ಮ ಸಂಪಾದಕರು ಯಂಕೋಬ ಮಾಸ್ತರರು ಇದರ ಮೇಲೆ ವಾರ ವಾರ ಒಂದು ಸತ್ಯಕಥೆಯ ಮಾಲೆ ಬರಬೇಕು, ದಾಖಲೆ ಸಮೇತ ಬರಬೇಕು ಎಂದು ಅಪ್ಪಣೆ ಮಾಡಿದರು. ಅಪರಾಧ ಸುದ್ದಿ ಬರೆಯುತ್ತಿದ್ದಾತ ಎರಡನೇ ಹೆಣ ನೋಡಿದವನೇ ಅತ್ತೆಮನೆಗೆ ಹೋಗಿ ಅಲ್ಲಿಯೇ ಅಳಿಯನಾಗಿ ಉಳಿದುಬಿಟ್ಟಿದ್ದ. ನಾನು ‘ಒಗ್ಗರಣಿ’ ಎಂಬ ಅಂಕಣದಲ್ಲಿ ಬಸ್ಸಿನ ತಿಗಣೆ, ರಾಯಚೂರಿನ ಬಿಸಿಲು, ಶಾಸಕರ ಆಶ್ವಾಸನೆ, ಹೀಗೆ ಮನುಷ್ಯರನ್ನು ಕಚ್ಚುವ ಸಂಗತಿಗಳ ಮೇಲೆ ಬರೆಯುತ್ತಿದ್ದವನು. ಕೊಲೆಯ ಮೇಲೆ ಬರೆಯಲು ನನಗಿದ್ದ ಏಕೈಕ ಅರ್ಹತೆ ಎಂದರೆ ಆ ಹೊತ್ತಿಗೆ ಕುರ್ಚಿಯಲ್ಲಿ ಕೂತಿದ್ದದ್ದು.

ಹಾಗೂ ಹೀಗೂ ಐದೂ ಪಂಚನಾಮೆಗಳ ನಕಲು ತಂದು ಮೇಜಿನ ಮೇಲೆ ಸಾಲಾಗಿ ಹರಡಿದೆ. ಐದನ್ನೂ ಒಂದೇ ಮೇಜಿನ ಮೇಲೆ ನೋಡಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ. ನೋಡುತ್ತಿದ್ದಂತೆ ನನ್ನ ಮೈಮೇಲಿನ ಕೂದಲು ನಿಂತವು (ತಲೆಯ ಮೇಲಿನವು ಅದಕ್ಕೆ ಮೊದಲೇ ಹೋಗಿದ್ದವು). ನಾಲ್ವರ ಎಡಗೈಯಲ್ಲೂ ಹಸಿರು ಗಾಜಿನ ಬಳೆಗಳ ನಡುವೆ ಬೇರೆ ಬಣ್ಣದ ಒಂದೇ ಒಂದು ಬಳೆ. ಒಬ್ಬಳಿಗೆ ಹಳದಿ, ಇಬ್ಬರಿಗೆ ಕೆಂಪು, ಒಬ್ಬಳಿಗೆ ನೀಲಿ. ನನಗೆ ನಾನೇ ಕೈಮುಗಿದೆ. ಪೊಲೀಸರಿಗೆ ಎರಡು ವರ್ಷ ಹೊಳೆಯದ್ದು ತಿಗಣೆಯ ಮೇಲೆ ಬರೆಯುವವನಿಗೆ ಅರ್ಧ ಗಂಟೆಯಲ್ಲಿ ಹೊಳೆದಿತ್ತು. ಮಾಲೆಯ ನಾಲ್ಕನೇ ಕಂತಿನ ತಲೆಬರಹ, ಮುಷ್ಟಿಯಷ್ಟು ದೊಡ್ಡ ಅಕ್ಷರದಲ್ಲಿ: ‘ಕೊಲೆಗಾರ ತೊಡಿಸುವ ಸಾವಿನ ಬಳೆ!’

ಆ ವಾರ ‘ಕಂದೀಲು’ ಎರಡು ಸಲ ಮುದ್ರಣವಾಯಿತು. ದೇವದುರ್ಗದಿಂದ ಮಾನ್ವಿಯ ತನಕ ಹೆಂಗಸರು ಅಂಗಳಕ್ಕೆ ಬಂದು ಎಡಗೈಯ ಬೇರೆ ಬಣ್ಣದ ಬಳೆಯನ್ನು ಕಲ್ಲಿಗೆ ಕುಟ್ಟಿ ಒಡೆದರು. ರಾಯಚೂರಿನ ತೀನ್ ಕಂದೀಲು ಚೌಕದ ಹತ್ತಿರ ಬಣ್ಣದ ಗಾಜಿನ ಚೂರು ಕಾಲಿಗೆ ಚುಚ್ಚುತ್ತಿದ್ದವು. ನಾನು ಅವುಗಳ ಮೇಲೆ ಎದೆ ಉಬ್ಬಿಸಿ ನಡೆದೆ. ಚಪ್ಪಲಿ ಹಾಕಿಕೊಂಡಿದ್ದೆ, ನಿಜ.

ಮೂರನೇ ದಿನ ನೀವು ಬಂದಿರಿ, ಆಪಾ. ಹಿಂದೆ ಬಳೆಯ ಮಲಾರ ಹೊತ್ತ ನಿಮ್ಮ ಯಜಮಾನರು ಮಹಮ್ಮದ್ ಹುಸೇನ್ ಸಾಹೇಬರು. ಬಾಗಿಲಲ್ಲೇ ನಿಂತು, "ಎಲ್ಲಿ ಅದಾನ್ರೀ ಅಂವ, ಬಳಿ ಪಂಡಿತ?" ಎಂದಿರಿ. ಯಂಕೋಬ ಮಾಸ್ತರರು, ಹಾಳಾದವರು, ಬೆರಳು ಮಾಡಿ ತೋರಿಸಿದರು. ನೀವು ನನ್ನ ಮುಖವನ್ನು ನೋಡಲೇ ಇಲ್ಲ. "ಕೈ ಕೊಡು" ಎಂದು ನನ್ನ ಬಲಗೈ ಎಳೆದುಕೊಂಡು ಹೆಬ್ಬೆರಳ ಬುಡ ಒತ್ತಿದಿರಿ. "ನೋಡ್ರಿ ಇದರ ಚೆಂದ! ಇದು ಗಂಡಸಿನ ಕೈಯೇನು? ಬೆಣ್ಣಿ ಮುದ್ದಿ. ಒಂದು ಎಲುಬೂ ದುಡಿದಿಲ್ಲ. ಇದಕ್ಕ ಬರಿಯೂದಷ್ಟ ಬರ್ತದ." ನನ್ನ ಇಪ್ಪತ್ತು ವರ್ಷದ ಸಾಹಿತ್ಯ ಸೇವೆಯ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆ ಇನ್ನೂ ಬಂದಿಲ್ಲ.

ಆಮೇಲೆ ನೀವು ಹೇಳಿದ್ದನ್ನು ಅಕ್ಷರ ಬಿಡದೆ ನೆನಪಿಟ್ಟಿದ್ದೇನೆ. "ಅದು ಕೊಲಿಗಾರನ ಬಳಿ ಅಲ್ಲಪಾ, ನನ್ನ ಕೊಸರು! ಕಾಯಿಪಲ್ಯಾ ಕೊಂಡ್ರ ಮ್ಯಾಲ ನಾಕು ಮೆಣಸಿನಕಾಯಿ ಹಾಕಲ್ಲೇನು? ಹಂಗ ಡಜನ್ ಬಳಿ ಇಡಿಸಿಕೊಂಡವರಿಗೆ ನಾ ಒಂದು ಬಳಿ ಮ್ಯಾಲ ಹಾಕ್ತೀನಿ. ನಮ್ಮ ಅತ್ತಿ ಕಾಲದಿಂದ ನಡೆದು ಬಂದದ್ದು. ಆದ್ರ ಕೆಲವರು ಶಾಣ್ಯಾರು. ರಾಯಚೂರಾಗ ಒಂದು ಕೊಸರು, ಮತ್ತ ಮಾನ್ವಿ ಸಂತಿಗೆ ಬಂದು ‘ನನಗ ಹಾಕೇ ಇಲ್ಲ’ ಅಂತ ಇನ್ನೊಂದು. ಅದಕ್ಕ ಊರಿಗೊಂದು ಬಣ್ಣ ಮಾಡೀನಿ. ರಾಯಚೂರಿಗೆ ಹಳದಿ, ಮಾನ್ವಿಗೆ ಕೆಂಪು, ದೇವದುರ್ಗಕ್ಕ ನೀಲಿ. ಈಗ ನಿನ್ನ ಕಾಲಾಗ ಒಬ್ಬಾಕಿನೂ ನನ್ನ ಮುಂದ ಕೈ ಚಾಚವಲ್ಲಳು. ಮೂರು ಸಂತ್ಯಾಗ ಮಲಾರ ಬಿಚ್ಚಿ ಹಂಗ ಕಟಗೊಂಡು ಬಂದೀನಿ."

ಬೈಯುತ್ತ ಬೈಯುತ್ತಲೇ ನೀವು ಥಟ್ಟನೆ ನಿಂತಿರಿ. ನನ್ನ ಕೈ ಇನ್ನೂ ನಿಮ್ಮ ಕೈಯಲ್ಲೇ ಇತ್ತು. ನಿಮ್ಮ ಹಿಡಿತ ಸಡಿಲಾದದ್ದು ನನಗೆ ತಿಳಿಯಿತು. ನೆಲದ ಮೇಲೆ ಕೂತುಬಿಟ್ಟಿರಿ. "ಹಂಗಂದ್ರ ಆ ನಾಕೂ ಮಂದಿ ಕೈ ನಾ ಹಿಡಿದೀನಿ" ಎಂದಿರಿ. ಆಮೇಲೆ ತಲೆಯೆತ್ತಿ, "ಆ ಬಳಿ ಈಗ ಎಲ್ಲಿ ಅದಾವ?"

ವಾಹಿದಾ, ನಿಮ್ಮ ಅಬ್ಬಾ ಅವತ್ತು ಬಹಳ ಹೆದರಿದ್ದರು. ಹೆದರುವುದಕ್ಕೆ ಕಾರಣ ನಾನು. ಆ ಬಳೆ ಕೊಲೆಗಾರನದೇ ಎಂದು ಊರಿಗೆಲ್ಲ ಸಾರಿದ ಮೂರನೇ ದಿನಕ್ಕೆ ಠಾಣೆಗೆ ಹೋಗಿ "ಬಳೆ ನನ್ನದು" ಎನ್ನುವುದೆಂದರೆ ಏನು? "ಕುಬ್ರಾ, ಒಳಗ ಹಾಕ್ತಾರ" ಎಂದರು. ಆಪಾ, ನೀವು ಎದ್ದು ಸೆರಗು ಸರಿಮಾಡಿಕೊಂಡು, "ಹಾಕಲಿ. ಅವರ ಹೆಸರು ನನ್ನ ಕೈಯಾಗ ಅದಾವ. ಹೇಳಲಿಲ್ಲಂದ್ರ ಈ ಕೈಲೆ ಉಣ್ಣಾಕ ಆಗಲ್ಲ ನನಗ" ಎಂದಿರಿ.

ಒಳಗೆ ಹಾಕಿದರು ಕೂಡ. ಯಾವ ಠಾಣೆ ಎಂದು ಬರೆಯುವುದಿಲ್ಲ, ನನಗೂ ಹೆಂಡತಿ ಮಕ್ಕಳಿದ್ದಾರೆ. ಒಂದೂವರೆ ದಿನ ಬೆಂಚಿನ ಮೇಲೆ ಕೂಡಿಸಿ, ಗಂಡ ಎಲ್ಲೆಲ್ಲಿ ತಿರುಗುತ್ತಾನೆ, ಬಳೆ ಯಾರ್ಯಾರಿಗೆ ಕೊಟ್ಟೆ ಎಂದು ಅದನ್ನೇ ತಿರುವಿ ತಿರುವಿ ಕೇಳಿದರು. ನಾನು ಹೊರಗೆ ಬೇವಿನ ಮರದ ಕೆಳಗೆ ನನ್ನ ತಲೆಬರಹವನ್ನು ನೆನೆಯುತ್ತ ನಿಂತಿದ್ದೆ. ಎರಡನೇ ದಿನ ಮಧ್ಯಾಹ್ನ ಠಾಣೆಯ ಸಾಹೇಬರ ಹೆಂಡತಿ ಊಟದ ಡಬ್ಬಿ ತಂದರು. ನಿಮ್ಮನ್ನು ಕಂಡವರೇ, "ಅಯ್ಯ ಕುಬ್ರಾ, ನೀ ಇಲ್ಲೇನ ಮಾಡಾಕತ್ತಿ? ಪಂಚಮಿಗೆ ಬರ್ತೀನಂದಾಕಿ ಬರಲೇ ಇಲ್ಲಲ್ಲ!" ಎಂದು ಎರಡೂ ಕೈ ಮುಂದೆ ಚಾಚಿದರು. ಎಡಗೈಯಲ್ಲಿ ಹಸಿರಿನ ನಡುವೆ ಒಂದು ಹಳದಿ ಬಳೆ. ಆ ಮನೆಗೆ ‘ಕಂದೀಲು’ ಬರುತ್ತಿರಲಿಲ್ಲವೆಂದು ಕಾಣುತ್ತದೆ. ಸಾಹೇಬರು ಆ ಬಳೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಮುಂದಿನ ತನಿಖೆ ತಮ್ಮ ಅಡುಗೆಮನೆಯಿಂದಲೇ ಸುರುಮಾಡಬೇಕಾಗುತ್ತದೆ ಎಂಬುದು ಅವರಿಗೆ ಹೊಳೆಯಿತು. ಅರಗಿನ ಮುದ್ರೆ ಒಡೆದು ಬಳೆಯ ಪೊಟ್ಟಣಗಳನ್ನು ನಿಮ್ಮ ಮುಂದೆ ಇಟ್ಟರು.

ಅದನ್ನು ನಾನು ಕಣ್ಣಾರೆ ಕಂಡೆ. ನೀವು ಕಣ್ಣು ಮುಚ್ಚಿ, ಒಂದೊಂದೇ ಬಳೆಯೊಳಗೆ ನಾಲ್ಕು ಬೆರಳು ಕೂಡಿಸಿ ತೂರಿಸಿ ತಿರುಗಿಸುತ್ತಿದ್ದಿರಿ. ನೀಲಿ ಬಳೆಯ ಪೊಟ್ಟಣಕ್ಕೆ ಬಂದಾಗ, "ಬಲಗೈದು ಎಡಗೈಗಿಂತ ಒಂದು ಅಳತಿ ದೊಡ್ಡದು. ಹತ್ತಿ ಗಿರಣ್ಯಾಗ ಬಿದ್ದು ಮುಂಗೈ ಮುರಿದಿತ್ತು, ಸೊಟ್ಟ ಕೂಡಿತ್ತು. ಸಾಬೂನು ಹಚ್ಚಿ ಹಚ್ಚಿ ಇಟ್ಟೆ, ಅಕಿ ನಕ್ಕೋತ ಕುಂತಿದ್ಲು. ಹುಸೇನಮ್ಮ. ದೇವದುರ್ಗ ಹುಸೇನಮ್ಮ" ಎಂದಿರಿ. ಎರಡು ವರ್ಷ ‘ಗುರುತು ಸಿಗದ ಹೆಂಗಸು’ ಆಗಿದ್ದವಳು ಒಂದು ಮಾತಿಗೆ ಹುಸೇನಮ್ಮನಾಗಿಬಿಟ್ಟಳು. ಅದೂ ನಗುವ ಹುಸೇನಮ್ಮ.

ಉಳಿದ ಮೂವರು ಅಷ್ಟು ಸುಲಭಕ್ಕೆ ಸಿಗಲಿಲ್ಲ. ನೀವು ನನ್ನನ್ನು ಬಾಲದಂತೆ ಕಟ್ಟಿಕೊಂಡು ಕೆಂಪು ಬಸ್ಸು ಹತ್ತಿ ಸಂತೆಯಿಂದ ಸಂತೆಗೆ ತಿರುಗಿದಿರಿ. ಕೊಲೆಗಾರ ಯಾರು ಎಂದು ನೀವು ಎಲ್ಲಿಯೂ ಕೇಳಲಿಲ್ಲ. ಕೇಳಿದ್ದು ಒಂದೇ: "ಹೋದ ವರ್ಷ ಹಬ್ಬಕ್ಕ ಬಳಿ ಇಡಿಸಿಕೊಂಡಾಕಿ ಈ ವರ್ಷ ಬರದಾಕಿ ಯಾರವ್ವಾ?" ಮಾನ್ವಿಯಲ್ಲಿ ರಂಜಾನಬಿ ಸಿಕ್ಕಳು, ಮಲ್ಲಮ್ಮ ಸಿಕ್ಕಳು. ಅವರಿಗಾಗಿ ಯಾರೂ ಠಾಣೆಗೆ ಏಕೆ ಬಂದಿರಲಿಲ್ಲ ಎಂಬುದೂ ಆಗಲೇ ತಿಳಿಯಿತು. ಓಡಿಹೋದಳೆಂದು ಎಲ್ಲ ಮನೆಯವರೂ ನಂಬಿದ್ದರು. ಓಡಿಹೋದವಳನ್ನು ಹುಡುಕುವುದು ಮನೆತನದ ಮರ್ಯಾದೆಗೆ ತಕ್ಕುದಲ್ಲ ನೋಡಿ.

ಹಳದಿ ಬಳೆಯವಳನ್ನು ಹುಡುಕಿಕೊಂಡು ಹೋದ ಗುಂಜಹಳ್ಳಿಯ ಮೂಕಪ್ಪನ ಕಟ್ಟೆಯನ್ನು ಮರೆತಿರಾ? ನಾವು ಹೆಸರು ತೆಗೆದ ಕೂಡಲೇ ಆತ, "ಆ ಹೆಸರು ನನ್ನ ಮನಿ ಮುಂದ ಎತ್ತಬ್ಯಾಡ್ರಿ. ಲಾರಿಯವನ ಜೋಡಿ ಹೋದಾಕಿ ನನ್ನ ಮಗಳಲ್ಲ" ಎಂದು ಕೋಲು ಎತ್ತಿದ. ನಾನು ಧೈರ್ಯವಾಗಿ ನಿಮ್ಮ ಹಿಂದೆ ನಿಂತೆ. ನೀವು ಅವನ ಪಕ್ಕದಲ್ಲೇ ಕೂತು, "ಮೂಕಪ್ಪಣ್ಣಾ, ಅಕಿ ಯಾರ ಜೋಡಿನೂ ಹೋಗಿಲ್ಲೋ. ಹೊಲದಾಗ ಬಿದ್ದಿದ್ಲು. ಮಣ್ಣು ಮಾಡಿದ ಜಾಗ ತೋರಿಸ್ತೀನಿ, ನಡಿ" ಎಂದಿರಿ. ಆತ ಕೋಲು ಕೆಳಗಿಟ್ಟ. ಆಮೇಲೆ ಮನೆಯೊಳಕ್ಕೆ ಮುಖ ಮಾಡಿ, ನೀರು ತಾ ಎಂದು ಕೂಗುವ ದನಿಯಲ್ಲಿ, "ಭೀಮವ್ವಾ!" ಎಂದು ಕರೆದ. ಎರಡು ವರ್ಷದ ಮೇಲೆ ಆ ಮನೆಯವರ ಬಾಯಲ್ಲಿ ಆ ಹೆಸರು ಕೇಳಿಸಿದ್ದು ಅದೇ ಮೊದಲು. ನಾನು ಮಾಲೆಯಲ್ಲಿ ಬರೆಯಲಾಗದೆ ಬಿಟ್ಟ ಜಾಗ ಅದೊಂದೇ.

ಊರಿಗೆ ಮರಳಿದರೆ ಯಂಕೋಬ ಮಾಸ್ತರರು ಕೊಲೆಗಾರನಿಗೆ ಒಂದು ಬಿರುದು ಬೇಕೆಂದು ಕೂತಿದ್ದರು. ‘ಹತ್ತಿ ಹೊಲದ ಯಮ’ ಎಂದು ಒಂದು, ‘ಸೆರಗಿನ ಸರದಾರ’ ಎಂದು ಇನ್ನೊಂದು, ಎರಡರಲ್ಲಿ ಯಾವುದು ಗತ್ತಾಗಿದೆ ಎಂದು ನಿಮ್ಮನ್ನೇ ಕೇಳಿದರು. ನೀವು ಅವರನ್ನು ಮೇಲಿಂದ ಕೆಳಗೆ ನೋಡಿ, "ಮಾಸ್ತರ್‍ರ, ಅವನಿಗೆ ಹೆಸರಿಡಾಕ ಅಂವೇನು ನಿಮ್ಮ ಮನಿ ಕೂಸೇನ್ರಿ? ತೊಟ್ಟಿಲಾಗ ಹಾಕಿ ಕಿವ್ಯಾಗ ಕುರ್‍ರ್ ಅಂದೀರೇನು? ಸತ್ತವರಿಗೆ ಹೆಸರಿಲ್ಲ, ಕೊಂದವನಿಗೆ ಎರಡೆರಡು!" ಎಂದಿರಿ. ಮಾಸ್ತರರು ಮೂವತ್ತು ವರ್ಷ ಶಾಲೆಯಲ್ಲಿ ಬೆತ್ತ ಹಿಡಿದವರು. ಅವತ್ತು ತಾವೇ ಕೈ ಚಾಚಿ ಏಟು ತಿನ್ನುವ ಹುಡುಗನ ಹಾಗೆ ನಿಂತಿದ್ದರು. ಮರುವಾರದಿಂದ ಒಂದೊಂದು ಕಂತಿಗೆ ಒಬ್ಬೊಬ್ಬಳ ಹೆಸರೇ ತಲೆಬರಹವಾಯಿತು. ಹುಸೇನಮ್ಮ. ರಂಜಾನಬಿ. ಮಲ್ಲಮ್ಮ. ಭೀಮವ್ವ. ಯಾರು ಏನು ಉಣ್ಣುತ್ತಿದ್ದಳು, ಯಾವ ಮಾತಿಗೆ ನಗುತ್ತಿದ್ದಳು, ಯಾರ ಜೊತೆ ಮಾತು ಬಿಟ್ಟಿದ್ದಳು ಎಂದೆಲ್ಲ ಬರೆದೆ. "ಕೊಲಿ ಕಥಿಯಾಗ ಕೊಲಿಗಾರನ ಸುಳಿವ ಇಲ್ಲಲ್ಲೋ" ಎಂದು ಓದುಗರು ಕಾಗದ ಬರೆದರು. ಪೊಲೀಸರ ಹತ್ತಿರವೂ ಇಲ್ಲ ಎಂದು ಉತ್ತರ ಹಾಕಿದೆ. ಇವತ್ತಿಗೂ ಇಲ್ಲ. ಅವನು ಸತ್ತಿರಬಹುದು. ಯಾವುದೋ ಸಂತೆಯಲ್ಲಿ ಜೋಳ ಚೌಕಾಸಿ ಮಾಡುತ್ತಲೂ ಇರಬಹುದು. ನೆನೆದರೆ ನನ್ನ ಹಾಸ್ಯ ಅಲ್ಲಿಗೆ ನಿಲ್ಲುತ್ತದೆ.

ನನ್ನ ತಪ್ಪಿನಿಂದ ನಿಮ್ಮ ವ್ಯಾಪಾರ ಹಾಳಾದದ್ದನ್ನು ಮಾತ್ರ ನಾನು ಸರಿಮಾಡಲಾಗಲಿಲ್ಲ. ‘ಒಗ್ಗರಣಿ’ಯಲ್ಲಿ ಎರಡು ಸಲ ಕ್ಷಮೆ ಕೇಳಿದೆ. ಜನ ಅದನ್ನೂ ತಮಾಷೆ ಎಂದುಕೊಂಡು ನಕ್ಕರು. ಹಾಸ್ಯ ಬರೆಯುವವನ ಪಾಡು ಇದು. ಸರಿಮಾಡಿದವರು ದೇವದುರ್ಗದ ಹೆಂಗಸರು. ಒಂದು ಸಂತೆಯಲ್ಲಿ ಖಾಲಿ ಕೂತಿದ್ದ ನಿಮ್ಮ ಮುಂದೆ ಗಿರಣಿ ಕೆಲಸದ ಹೆಂಗಸೊಬ್ಬಳು ಬಂದು ಕೂತು, ಎಡಗೈ ಚಾಚಿ, ಸುತ್ತಲಿನವರಿಗೆ ಕೇಳುವಂತೆ, "ನೀಲಿ ಹಾಕು ಬೇ. ಮರೀಬ್ಯಾಡ. ದಾರ್‍ಯಾಗ ನನಗೇನರೇ ಆದ್ರ ಇಂಥಾಕಿ ಅಂತ ಹೇಳಾಕ ಒಬ್ಬಾಕಿ ಬೇಕಲ್ಲ" ಎಂದಳು. ಸಂಜೆಯೊಳಗೆ ನಿಮ್ಮ ಮಲಾರ ಖಾಲಿ. ಮಹಮ್ಮದ್ ಹುಸೇನ್ ಸಾಹೇಬರು ಹಗುರಾದ ಹೆಗಲಿನಿಂದ ಬಸ್ಸಿಗೆ ನಡೆದರು. ನೀವು ನಗಲಿಲ್ಲ. ಐದನೆಯವಳ ಬಗ್ಗೆ ಯೋಚಿಸುತ್ತಿದ್ದಿರಿ.

ಐದನೆಯವಳ ಪಂಚನಾಮೆಯಲ್ಲಿ ‘ಕೈಗಳಲ್ಲಿ ಬಳೆ ಇಲ್ಲ’ ಎಂದಿತ್ತು. ರಾಯಚೂರಿನಿಂದ ಎರಡು ಮೈಲಿ ಹೊರಗೆ ಸಿಕ್ಕವಳು. "ಗಂಡ ಸತ್ತಾಕಿ ಇರಬೇಕು" ಎಂದಿರಿ. ಆಮೇಲೆ ಆ ಮಾತು, ನಾನು ಯಾರ ಬಾಯಿಂದಲೂ ಹಾಗೆ ಕೇಳಿಲ್ಲ: "ಮೂವತ್ತು ವರ್ಷ ಮೂರು ಸಂತ್ಯಾಗ ಕುಂತೀನಿ. ಎಷ್ಟು ಸಾವಿರ ಕೈ ಹಿಡಿದೀನಿ. ಗಂಡ ಸತ್ತವರ ಕೈ ಒಂದೂ ಹಿಡಿದಿಲ್ಲಲ್ಲೋ ಹನುಮಂತ್ರಾಯ. ನನ್ನ ಮುಂದ ಹಾದು ಹೋಗಿರ್ತಾರ. ನಾ ಕಣ್ಣ ಎತ್ತಿಲ್ಲ." ಯಾರ ಮೇಲೂ ತಪ್ಪು ಹೊರಿಸಬಹುದಿತ್ತು. ಎದುರಿಗೆ ನಾನೇ ಕೂತಿದ್ದೆ, ಹೊರಿಸಿಕೊಳ್ಳಲು ಅಭ್ಯಾಸವಾಗಿದ್ದವನು. ನೀವು ನಿಮ್ಮ ಮೇಲೆ ಹೊರಿಸಿಕೊಂಡಿರಿ.

ಮುಂದಿನ ಮಾನ್ವಿ ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವ ಯಮನಮ್ಮನನ್ನು ಕರೆದಿರಿ. ಆಕೆ ದೂರದಿಂದಲೇ, "ನಮಗ್ಯಾಕವ್ವಾ ಬಳಿ, ಬರಗೈಯವರಿಗೆ?" ಎಂದಳು. "ಬಳಿ ಅಲ್ಲ ಬೇ, ಕೈ ಕೊಡು. ಸುಮ್ಮನ ಕುಂದ್ರು" ಎಂದಿರಿ. ಆಕೆಯ ಮುಂಗೈಗೆ ಎಣ್ಣೆ ಹಚ್ಚಿ, ಗಂಟು ಗಂಟು ತಿಕ್ಕಿ, ಊರು ಕೇಳಿ, ಹೆಸರು ಕೇಳಿ ಕಳಿಸಿದಿರಿ. ಆ ಮುದುಕಿ ನಗಬೇಕೋ ಅಳಬೇಕೋ ತಿಳಿಯದೆ ನಿಮಗೆ ಒಂದು ಮುಷ್ಟಿ ಶೇಂಗಾ ಕೊಟ್ಟು ಹೋದಳು. ಮುಂದಿನ ಸಂತೆಗೆ ಇಬ್ಬರನ್ನು ಕರೆತಂದಳು. ಮೊಣಕಾಲು ಸೋಲುವ ತನಕ ನೀವು ಹಾಗೆ ಎಷ್ಟು ಬರಿಗೈ ಹಿಡಿದಿರೋ ನಿಮಗೇ ಗೊತ್ತಿಲ್ಲ. ಎಲ್ಲರಿಗೂ ಒಂದೇ ಮಾತು: "ನಿಮ್ಮ ಪೈಕಿ ಯಾರರೇ ಹೋದಾಕಿ ತಿರುಗಿ ಬರದಿದ್ರ ಹೇಳ್ರಿ."

ಹೋದ ವಾರ ಯಮನಮ್ಮ ನಮ್ಮ ಕಚೇರಿಗೆ ಬಂದಳು. ನೀವು ಊರು ಬಿಟ್ಟ ಮೇಲೂ ಆಕೆ ಕೇಳುವುದನ್ನು ಬಿಟ್ಟಿರಲಿಲ್ಲ. ಹತ್ತಿ ಬಿಡಿಸಲು ಹೋದ ಊರಲ್ಲೆಲ್ಲ ನಿಮ್ಮ ಮಾತನ್ನೇ ಕೇಳಿಕೊಂಡು ಬಂದಿದ್ದಾಳೆ. ಈ ಸಲ ಮಟಮಾರಿಯಲ್ಲಿ ಒಬ್ಬ ಅತ್ತೆ, ತನ್ನ ಸೊಸೆ ಏಳು ವರ್ಷದ ಹಿಂದೆ ರಾಯಚೂರಿಗೆ ಹೋದವಳು ಬರಲಿಲ್ಲ, ಗಂಡ ಸತ್ತವಳು, ಯಾರನ್ನೋ ನೋಡಿಕೊಂಡಿರಬೇಕು ಎಂದಳಂತೆ. ನಾನು ಯಮನಮ್ಮನ ಜೊತೆ ಹೋದೆ, ಪಂಚನಾಮೆಯ ನಕಲು ಜೇಬಿನಲ್ಲಿತ್ತು.

ಆಕೆಯ ಹೆಸರು ವೆಂಕಮ್ಮ, ಆಪಾ.

ಈಗ ನನ್ನ ತಪ್ಪೊಪ್ಪಿಗೆ. ವೆಂಕಮ್ಮನ ಪಂಚನಾಮೆಯ ಕೊನೆಗೆ ಒಂದು ಸಾಲಿತ್ತು: ‘ಬಟ್ಟೆಯ ಚೀಲ ಒಂದು, ಅದರೊಳಗೆ ಹೊಸ ಸ್ಲೇಟು ಒಂದು’. ಎಪ್ಪತ್ತೊಂಬತ್ತರಲ್ಲೇ ಅದನ್ನು ಓದಿದ್ದೆ. ಬಳೆಗೆ ಮುಷ್ಟಿಯಷ್ಟು ಅಕ್ಷರ ಬರೆದವನು ಸ್ಲೇಟಿಗೆ ಒಂದು ಸಾಲು ಬರೆಯಲಿಲ್ಲ. ಸ್ಲೇಟಿನಲ್ಲಿ ರೋಚಕವಾದದ್ದೇನಿದೆ ಎಂದುಕೊಂಡೆ. ನಿಮಗೂ ಹೇಳಲಿಲ್ಲ. ಹೇಳಿದ್ದರೆ ನೀವು ಗಂಡ ಸತ್ತವಳೊಬ್ಬಳನ್ನಲ್ಲ, ಶಾಲೆಗೆ ಹೋಗುವ ಮಗುವಿನ ತಾಯಿಯನ್ನು ಹುಡುಕುತ್ತಿದ್ದಿರಿ. ಏಳು ವರ್ಷ ಬೇಕಾಗುತ್ತಿರಲಿಲ್ಲ.

ಮಗಳಿಗೆ ಈಗ ಹದಿಮೂರು. ಸುಂಕಮ್ಮ ಎಂದು. ಅವಳನ್ನು ಶಾಲೆಗೆ ಹಾಕಿದ ವರ್ಷ, ಸ್ಲೇಟು ತರುತ್ತೇನೆ ಎಂದು ಹೇಳಿಯೇ ತಾಯಿ ರಾಯಚೂರಿಗೆ ಹೋಗಿದ್ದಳಂತೆ. ಅಜ್ಜಿ ಅಳುತ್ತಿದ್ದಳು, ಹುಡುಗಿ ಅಳಲಿಲ್ಲ. ತಾಯಿ ತನ್ನನ್ನು ಬಿಟ್ಟು ಹೋದಳು ಎಂದು ಊರೆಲ್ಲ ಹೇಳಿದ್ದನ್ನು ಕೇಳಿಕೊಂಡೇ ಬೆಳೆದ ಹುಡುಗಿ ಅದು. ಕಂಬಕ್ಕೆ ಒರಗಿ ನಿಂತು, ನನ್ನನ್ನೇ ನೋಡುತ್ತ ಒಂದೇ ಪ್ರಶ್ನೆ ಕೇಳಿದಳು: "ಅವ್ವ ಹೋಗಾಕತ್ತಿದ್ಲೋ, ಬರಾಕತ್ತಿದ್ಲೋ?"

ನಾನು ಮಾತಿನಲ್ಲೇ ಹೊಟ್ಟೆ ಹೊರೆದವನು, ಆಪಾ. ಅವತ್ತು ಪಂಚನಾಮೆಗೇ ಮಾತಾಡಲು ಬಿಟ್ಟೆ. ಜೇಬಿನಿಂದ ಕಾಗದ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟು ಅವಳ ಮುಂದೆ ಹಿಡಿದೆ. ಓದು ಬರುತ್ತದೆ ಅವಳಿಗೆ. ಚೆನ್ನಾಗಿ ಬರುತ್ತದೆ. ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿಕೊಂಡಳು. ಆಮೇಲೆ ಅಜ್ಜಿಯ ಕಡೆ ತಿರುಗಿ, ಏಳು ವರ್ಷದ ಜಗಳವನ್ನು ಗೆದ್ದವಳ ಹಾಗೆ ಹೇಳಿದಳು:

"ಬರಾಕತ್ತಿದ್ಲು."

ಇದನ್ನು ನಿಮಗೆ ಹೇಳದೆ ಇನ್ನು ಯಾರಿಗೆ ಹೇಳಲಿ? ಐದೂ ಜನ ಈಗ ತಮ್ಮ ತಮ್ಮ ಹೆಸರಿನಲ್ಲಿ ನೆಮ್ಮದಿಯಾಗಿ ಮಲಗಲಿ. ವಾಹಿದಾಳ ಒಲೆ ತಣ್ಣಗಾಗದಿರಲಿ, ನಿಮ್ಮ ಮೊಣಕಾಲು ಇನ್ನಾದರೂ ನಿಮ್ಮ ಮಾತು ಕೇಳಲಿ, ಆ ಹುಡುಗಿಗೆ ನಿಮ್ಮ ದುವಾ ಇರಲಿ.

ಒಂದು ಎಲುಬೂ ದುಡಿಯದ ಕೈಯಿಂದ ಇಷ್ಟು ಬರೆದು ಮುಗಿಸಿದ,
ನಿಮ್ಮ ಹನುಮಂತ್ರಾಯ